ಗೌರಮ್ಮ ಉರುಫ್ ಗೌರಮ್ಮ

ಹೋದ ಭಾನುವಾರ ಮಧ್ಯಾಹ್ನ ಅಮ್ಮನ ಹೆಸರಲ್ಲಿ ಒಂದು ಬ್ಯಾಂಕ್ ಖಾತೆ ತೆಗೆಯೋಣ ಅಂತ ಫೋನ್ ಹಿಡಿದು ಕೂತೆ. ಬ್ಯಾಂಕಿಗೆ ಹೋಗುವ ಗೊಡವೆಯೇ ಇಲ್ಲ, ಐದೇ ನಿಮಿಷದ ಕೆಲಸ ಅಂತ ಜಾಹೀರಾತು ಹೇಳುತ್ತಿತ್ತು. ಅಮ್ಮ ಪಕ್ಕದಲ್ಲಿ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕೇಳುವುದು, ಅವಳು ಹೇಳುವುದು. ಹುಟ್ಟಿದ ದಿನ? "ಆಧಾರಲ್ಲಿ ಏನಿದ್ಯೋ ಅದೇ ಹಾಕು." ಆಧಾರ್‌ನಲ್ಲಿ ಜನವರಿ 1 ಇದೆ. ನಮ್ಮೂರಿನ ಆ ತಲೆಮಾರಿನ ಅರ್ಧಕ್ಕರ್ಧ ಜನ ಜನವರಿ 1ಕ್ಕೇ ಹುಟ್ಟಿದವರು, ಅದಿರಲಿ. ಫಸ್ಟ್ ನೇಮ್? ಗೌರಮ್ಮ. ಮಿಡಲ್ ನೇಮ್? ಬಿಟ್ಟೆ. ಲಾಸ್ಟ್ ನೇಮ್? ಅದನ್ನೂ ಬಿಟ್ಟೆ. ಮುಂದಕ್ಕೆ ಒತ್ತಿದರೆ ಆ ಖಾನೆಯ ಸುತ್ತ ಕೆಂಪು ಗೆರೆ. ಲಾಸ್ಟ್ ನೇಮ್ ಬೇಕೇ ಬೇಕಂತೆ.

ಒಂದು ಚುಕ್ಕೆ ಹಾಕಿದೆ. ಇದು ನಮ್ಮ ಕಡೆಯವರೆಲ್ಲ ಬಲ್ಲ ಹಳೆಯ ಉಪಾಯ. ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ ಅಂತು. ಇಂಗ್ಲಿಷಿನ ಜಿ ಅಂತ ಒಂದಕ್ಷರ ಹಾಕಿದೆ. ಕನಿಷ್ಠ ಎರಡು ಅಕ್ಷರ ಬೇಕು ಅಂತು. ಅಪ್ಪನ ಹೆಸರು ಹಾಕಿದೆ. ಅದಕ್ಕೆ ಒಪ್ಪಿತು, ಆದರೆ ಮುಂದಿನ ಪುಟಕ್ಕೆ ಹೋಗಿ, ಹೆಸರು ಆಧಾರ್ ಜತೆ ಹೊಂದುತ್ತಿಲ್ಲ ಅಂತ ವಾಪಸ್ ಕಳಿಸಿತು. ಅಷ್ಟರಲ್ಲಿ ಓಟಿಪಿಯ ಟೈಮ್ ಮುಗಿದು ಎಲ್ಲ ಮೊದಲಿಂದ. ಅಮ್ಮ ಇಣುಕಿ ನೋಡಿ, "ಯಾಕೋ ಕೆಂಪಗಾಗಿದೆ ಅದು?" ಅಂದಳು. "ನಿನ್ನ ಹೆಸರು ಸಾಲಲ್ವಂತೆ" ಅಂದೆ. "ಇಷ್ಟು ವರ್ಷ ಸಾಕಾಗಿತ್ತಲ್ಲೋ" ಅಂತ ಮತ್ತೆ ಕಾಯಿಗೆ ಕೈ ಹಾಕಿದಳು.

ಬೇರೆ ಯಾರಾದರೂ ಆಗಿದ್ದರೆ ಆ್ಯಪ್ ಬರೆದವನಿಗೆ ಎರಡು ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ನನಗೆ ಆ ಸುಖವೂ ಸಿಗಲಿಲ್ಲ. ಇಂಥದ್ದೇ ಒಂದು ಕೆಂಪು ಗೆರೆಯನ್ನು ಹಿಂದೊಮ್ಮೆ ಬರೆದವನು ನಾನೇ.

ನಕ್ಷತ್ರ ಹಾಕಿದ್ದು

ಅದು 2009. ಅಮೆರಿಕದ ಒಂದು ವಿಮಾ ಕಂಪನಿಯ ಕೆಲಸ ನಮ್ಮ ಟೀಮಿಗೆ ಬಂದಿತ್ತು. ಹೊಸ ಗ್ರಾಹಕರು ತುಂಬುವ ಅರ್ಜಿಯಲ್ಲಿ ಮೊದಲನೇ ಪುಟ ನನ್ನ ಪಾಲಿಗೆ. ಹೆಸರು, ವಿಳಾಸ, ಫೋನ್ ನಂಬರ್ ಇರುವ ಪುಟ. ಎಲ್ಲಕ್ಕಿಂತ ಸುಲಭದ್ದು, ಹೊಸಬನಿಗೆ ಕೊಡುವಂಥದ್ದು. ಕ್ಲೈಂಟ್ ಕಳಿಸಿದ ಕಾಗದದಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡರ ಎದುರೂ ನಕ್ಷತ್ರ ಇತ್ತು, ಅಂದರೆ ತುಂಬುವುದು ಕಡ್ಡಾಯ. ಡೇಟಾಬೇಸಿನಲ್ಲೂ ಆ ಎರಡು ಕಾಲಂ ಖಾಲಿ ಇರುವಂತಿಲ್ಲ. ನಾನು ಕೂತು ಬರೆದೆ: ಖಾಲಿ ಬಿಟ್ಟರೆ ಕೆಂಪು ಗೆರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಬೈಗುಳ. ಅಕ್ಷರಗಳು ಮಾತ್ರ, ಚುಕ್ಕೆ ಇಲ್ಲ, ಕನಿಷ್ಠ ಎರಡು. ಈ ಚುಕ್ಕೆಯ ನಿಯಮ ಕ್ಲೈಂಟ್ ಕೇಳಿರಲೇ ಇಲ್ಲ. ಯಾರಾದರೂ ಕಸ ತುಂಬಿಬಿಟ್ಟರೆ ಅಂತ ನಾನೇ ಮುತುವರ್ಜಿ ವಹಿಸಿ ಸೇರಿಸಿದ್ದು. ಟೀಮಿನ ಮುಖ್ಯಸ್ಥರು, ಅಂದರೆ ನಮ್ಮ ಲೀಡ್, ನೋಡಿ, "ಗುಡ್ ಥಿಂಕಿಂಗ್" ಅಂದಿದ್ದರು. ಆ ವರ್ಷದ ಅಪ್ರೈಸಲ್‌ನಲ್ಲಿ ಅದನ್ನೂ ಒಂದು ಸಾಲು ಬರೆದುಕೊಂಡಿದ್ದೆ.

ಈಗ ನೆನೆದರೆ ನಗು ಬರುವುದು ಬೇರೆ ವಿಷಯಕ್ಕೆ. ಆ ಲೀಡ್ ಮಧುರೈ ಕಡೆಯವರು. ಅವರ ಹೆಸರು ಒಂದೇ ಪದ, ಮುಂದೊಂದು ಇನಿಷಿಯಲ್. ನಾನು ತುಮಕೂರು ಜಿಲ್ಲೆಯವನು, ನನ್ನದು ಒಂದೇ ಪದ, ಮುಂದೆ ಎರಡು ಇನಿಷಿಯಲ್. ಅದನ್ನು ಟೆಸ್ಟ್ ಮಾಡಿದ ಹುಡುಗಿ ಕಡಪ ಕಡೆಯವಳು. ಅವಳಿಗೆ ಮನೆತನದ ಹೆಸರಿತ್ತು, ಆದರೆ ತೆಲುಗರಲ್ಲಿ ಅದು ಹೆಸರಿಗಿಂತ ಮುಂಚೆ ಬರುತ್ತದೆ, ಕೊನೆಗಲ್ಲ. ಅಂದರೆ ಆ ಪುಟವನ್ನು ಬರೆದವನು, ಒಪ್ಪಿದವರು, ಪರೀಕ್ಷೆ ಮಾಡಿದವಳು, ಮೂವರೂ ನೆಟ್ಟಗೆ ಹಿಡಿಸದ ಪುಟ ಅದು. ಮೂವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಟೆಸ್ಟ್ ಮಾಡಲು ನಾವು ತುಂಬಿದ ಹೆಸರು ಜಾನ್ ಸ್ಮಿತ್. ಬೇಜಾರಾದಾಗ ಜೇನ್ ಸ್ಮಿತ್. ಪುಟ ಸಲೀಸಾಗಿ ಮುಂದಕ್ಕೆ ಹೋಯಿತು. ಎಲ್ಲ ಟೆಸ್ಟ್ ಪಾಸ್ ಅಂತ ಹಸಿರು ಬಣ್ಣದಲ್ಲಿ ಬಂತು. ಕೇಕ್ ತರಿಸಿದ್ದೆವು.

ಆ ದಿನಗಳಲ್ಲಿ ನಾನು ರಾಜಕೀಯದ ಸಹವಾಸವೇ ಬೇಡ ಅನ್ನುವ ಪೈಕಿ. ಕ್ಯಾಂಟೀನಿನಲ್ಲಿ ಯಾರಾದರೂ ಸರ್ಕಾರ, ಪಕ್ಷ, ಭಾಷೆ ಅಂತ ಶುರು ಮಾಡಿದರೆ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತಿದ್ದೆ. ನಾವು ಕೋಡ್ ಬರೆಯುವವರು, ನಮಗ್ಯಾಕೆ ಅದೆಲ್ಲ. ಊಟ ಮುಗಿಸಿ ಮೇಲೆ ಹೋಗಿ, ಹೆಸರು ಅಂದರೆ ಏನು, ಅದರಲ್ಲಿ ಎಷ್ಟು ಭಾಗ ಇರಬೇಕು, ಯಾವುದು ಮೊದಲು ಯಾವುದು ಕೊನೆ ಅಂತ ಕಾನೂನು ಬರೆಯುತ್ತಿದ್ದೆ.

"ಆಗೇ?"

ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ಫಾರಂನಲ್ಲಿ ಅಲ್ಲ. 2006ರಲ್ಲಿ ಟ್ರೈನಿಂಗ್‌ಗೆ ಪುಣೆಗೆ ಹೋಗಿದ್ದಾಗ. ಹಾಸ್ಟೆಲಿನ ಮೇಜಿನ ಹಿಂದೆ ದಪ್ಪ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದವರು ಹೆಸರು ಕೇಳಿದರು. ರವೀಶ ಅಂದೆ. "ರವೀಶ, ಆಗೇ?" ಅಂದರು. ಮುಂದೇನು ಅಂತ. ನಾನು "ಬಿ. ಸಿ." ಅಂದೆ. "ಅದು ಹಿಂದಿನದು, ಮುಂದಿನದು ಹೇಳಪ್ಪ" ಅನ್ನುವ ಹಾಗೆ ಕೈ ಮುಂದಕ್ಕೆ ತಳ್ಳಿದರು. ಮುಂದೆ ಏನೂ ಇಲ್ಲ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಹಿಂದೆ ಇಪ್ಪತ್ತು ಜನ ಪೆಟ್ಟಿಗೆ ಹಿಡಿದು ನಿಂತಿದ್ದರು. ಕೊನೆಗೆ ಬಿ ಅಂದರೆ ಏನು, ಸಿ ಅಂದರೆ ಏನು ಅಂತ ಕೇಳಿದರು. ಬಿ ಅಂದರೆ ನಮ್ಮೂರು, ಸಿ ಅಂದರೆ ನಮ್ಮಪ್ಪ ಚಿಕ್ಕಣ್ಣ. "ಹಾಂ!" ಅಂತ ಬರೆದುಕೊಂಡರು. ಸಂಜೆಯ ಹೊತ್ತಿಗೆ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡಿನ ಮೇಲೆ ರವೀಶ ಚಿಕ್ಕಣ್ಣ ಅಂತ ಇತ್ತು. ಆಮೇಲೆ ಇಮೇಲ್ ಬಂತು, ರವೀಶ ಡಾಟ್ ಚಿಕ್ಕಣ್ಣ. ಆಮೇಲೆ ಪ್ಯಾನ್, ಪಾಸ್‌ಪೋರ್ಟ್, ಎಲ್ಲವೂ ಆ ಕಾರ್ಡಿನ ಹಿಂದೆಯೇ ಸಾಲಾಗಿ ಬಂದವು.

ಆ ಸಾಲಿನಲ್ಲಿ ನನ್ನ ಜತೆ ನಮ್ಮ ಕಡೆಯ ಇನ್ನೂ ಮೂವರಿದ್ದರು. ಒಬ್ಬ ಊರಿನ ಹೆಸರು ಕೊಟ್ಟ. ಇನ್ನೊಬ್ಬ ತಡವರಿಸಿ ಜಾತಿಯ ಹೆಸರು ಕೊಟ್ಟ. ಅವನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅದಿರಲಿಲ್ಲ, ಅವರಪ್ಪ ಯಾವತ್ತೂ ಹೆಸರಿಗೆ ಅದನ್ನು ಹಚ್ಚಿಕೊಂಡವರಲ್ಲ. ಈಗ ಅವನ ಮಗಳ ಶಾಲೆಯ ಹಾಜರಿಯಲ್ಲೂ ಅದೇ ಇದೆ. ನಮ್ಮಲ್ಲಿ "ನಿಮ್ಮ ಪೂರ್ತಿ ಹೆಸರೇನು?" ಅಂತ ಒಬ್ಬರು ಇನ್ನೊಬ್ಬರನ್ನು ಯಾಕೆ ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಕೇಳುವವರು ಕನಿಷ್ಠ ಮುಖ ನೋಡಿ ಸ್ವಲ್ಪ ಸಂಕೋಚ ಪಡುತ್ತಾರೆ. ಫಾರಂ ಪಡುವುದಿಲ್ಲ. ಮೂರನೆಯವನು ಹುಬ್ಬಳ್ಳಿ ಕಡೆಯವನು. ಅವನೊಬ್ಬ ಆರಾಮಾಗಿದ್ದ. ಉಳ್ಳಾಗಡ್ಡಿ, ಮೆಣಸಿನಕಾಯಿ ಥರದ ಅಡ್ಡಹೆಸರು ಆ ಕಡೆಯವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಜೀವನಪೂರ್ತಿ ಬೆಂಗಳೂರಿನವರು ಆಡಿಕೊಂಡು ನಕ್ಕಿದ್ದ ಅಡ್ಡಹೆಸರು ಅವತ್ತು ಅವನನ್ನು ಒಂದೇ ನಿಮಿಷದಲ್ಲಿ ರೂಮಿಗೆ ಕಳಿಸಿತು.

ಅಪ್ಪನ ಹೆಸರು ನನ್ನ ಹೆಸರಾಗಿದೆ ಅಂತ ಅಪ್ಪನಿಗೆ ಗೊತ್ತಾಗಿದ್ದು 2020ರಲ್ಲಿ. ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋಗಿದ್ದೆ. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಜಗಲಿಯ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಮೇಲೆ ಫೋನ್ ಇಟ್ಟರೆ ಎರಡು ಕಡ್ಡಿ ಬರುತ್ತಿತ್ತು. ಅಲ್ಲೇ ಸ್ಟೂಲ್ ಹಾಕಿಕೊಂಡು ಸ್ಪೀಕರ್‌ನಲ್ಲಿ ಮೀಟಿಂಗ್. ಅಪ್ಪ ಆ ಕಡೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಅಮೆರಿಕದಿಂದ ಮಾತಾಡುತ್ತಿದ್ದವನು ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನಮ್ಮ ಪಟ್ಟಿಯಲ್ಲಿ ಲಾಸ್ಟ್ ನೇಮ್ ಮೊದಲು ಬರುತ್ತಿತ್ತೋ ಏನೋ, ನನ್ನನ್ನು ಯಾವಾಗಲೂ ಚಿಕ್ಕಣ್ಣ ಅಂತಲೇ ಕರೆಯುತ್ತಿದ್ದ. ತಿದ್ದಲು ಹೋಗಿ ಸೋತು ಬಿಟ್ಟಿದ್ದೆ. ಅವತ್ತು ಅವನು ಜೋರಾಗಿ "ಚಿಕ್ಕಣ್ಣ, ಆರ್ ಯೂ ದೇರ್?" ಅಂದ. ಅಪ್ಪ ಬೀಜ ಬಿಡಿಸುವುದು ನಿಲ್ಲಿಸಿ, ತಲೆ ಎತ್ತಿ, "ಯಾರ್ಲಾ ಅದು ನನ್ ಹೆಸ್ರು ಹಿಡ್ದು ಕೂಗ್ತಿರೋದು?" ಅಂದ. ನಮ್ಮೂರಲ್ಲಿ ಅಪ್ಪನನ್ನು ಹೆಸರು ಹಿಡಿದು ಕೂಗುವವರು ಉಳಿದಿದ್ದೇ ನಾಲ್ಕೈದು ಜನ. ನಾನು ಮ್ಯೂಟ್ ಮಾಡಿ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಸಂಬ್ಳಾನೂ ನನ್ ಹೆಸ್ರಿಗೇ ಬರ್ತದಾ?" ಅಂತ ಕೇಳಿದ.

ಅಪ್ಪ 2022ರಲ್ಲಿ ತೀರಿಕೊಂಡ. ಆಫೀಸಿನಲ್ಲಿ ಈಗಲೂ ದಿನಕ್ಕೆ ಹತ್ತು ಸಲ ಅವನನ್ನು ಕರೆಯುತ್ತಾರೆ.

ಎಸ್. ಎಂ., ಎಸ್. ಆರ್.

ಒಂದು ಸಣ್ಣ ಆಟ ಆಡಿ ನೋಡಿ. ನಮ್ಮ ಮುಖ್ಯಮಂತ್ರಿಗಳ ಪಟ್ಟಿಯಿಂದ ಇಬ್ಬರನ್ನು ತೆಗೆದುಕೊಳ್ಳಿ: ಎಸ್. ಎಂ. ಕೃಷ್ಣ, ಎಸ್. ಆರ್. ಬೊಮ್ಮಾಯಿ. ಕಾಗದದ ಮೇಲೆ ಎರಡೂ ಒಂದೇ ಅಚ್ಚು. ಎರಡು ಇನಿಷಿಯಲ್, ಒಂದು ಪದ. ಆದರೆ ಕೃಷ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರು. ಎಸ್ ಅಂದರೆ ಸೋಮನಹಳ್ಳಿ ಅನ್ನುವ ಊರು, ಎಂ ಅಂದರೆ ತಂದೆ ಮಲ್ಲಯ್ಯ. ಬೊಮ್ಮಾಯಿ ಅನ್ನುವುದು ಮನೆತನದ ಹೆಸರು. ಅಲ್ಲಿ ಎಸ್ ಅಂದರೇ ಅವರ ಸ್ವಂತ ಹೆಸರು, ಸೋಮಪ್ಪ. ಆರ್ ಅಂದರೆ ತಂದೆ ರಾಯಪ್ಪ. ಒಬ್ಬರ ಹೆಸರು ಕೊನೆಯಲ್ಲಿ, ಇನ್ನೊಬ್ಬರದು ಮೊದಲಲ್ಲಿ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಬೂಕನಕೆರೆ ಸಿದ್ದಲಿಂಗಪ್ಪ ಯಡಿಯೂರಪ್ಪ, ಇವರೆಲ್ಲ ಕೃಷ್ಣ ಅವರ ಸಾಲು. ಬಸಪ್ಪ ದಾನಪ್ಪ ಜತ್ತಿ, ಬೊಮ್ಮಾಯಿ ಸಾಲು. ಇನ್ನು ಸಿದ್ದರಾಮಯ್ಯನವರು ಇನಿಷಿಯಲ್ ಗೊಡವೆಯೇ ಇಲ್ಲದೆ ಒಂದೇ ಪದದಲ್ಲಿ 2013ರಲ್ಲೂ 2023ರಲ್ಲೂ ಪ್ರಮಾಣವಚನ ತೆಗೆದುಕೊಂಡರು. ಒಂದೇ ವಿಧಾನಸೌಧ, ಮೂರು ಥರದ ಹೆಸರು. ಕನ್ನಡ ಬಲ್ಲ ಯಾರಿಗೂ ಇದರಲ್ಲಿ ಗೊಂದಲವಿಲ್ಲ. ಕೇಳಿದ ತಕ್ಷಣ ಹಳೇ ಮೈಸೂರೋ ಬಾಂಬೆ ಕರ್ನಾಟಕವೋ ಹೇಳಿಬಿಡುತ್ತೇವೆ. ಆದರೆ ಎರಡು ಖಾನೆಯ ಒಂದು ಫಾರಂಗೆ ಇದನ್ನು ಕಲಿಸಿ ನೋಡಿ. (ಇನಿಷಿಯಲ್‌ಗಳನ್ನೂ ನಾವು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟುಕೊಂಡಿದ್ದೇವೆ ಅನ್ನುವುದು ಬೇರೆ ಮಾತು. ಹ. ದೊ. ದೇವೇಗೌಡ ಅಂತ ಬರೆದರೆ ಹಾಸನದಲ್ಲೂ ಯಾರಿಗೂ ಗುರುತು ಹತ್ತಲಿಕ್ಕಿಲ್ಲ.)

ಹೆಸರಿಗೆ ಎರಡು ಖಾನೆ ಇರಲೇಬೇಕು ಅನ್ನುವ ಹಟ ಕಂಪ್ಯೂಟರಿನಿಂದ ಬಂದದ್ದು ಅಂದುಕೊಂಡಿದ್ದೆ. ಅಲ್ಲ, ಅದು ಬಹಳ ಹಳೆಯದು. ಫಿಲಿಪ್ಪೀನ್ಸ್ ಆಳುತ್ತಿದ್ದ ಸ್ಪೇನಿನ ಗವರ್ನರ್ ಜನರಲ್ ಕ್ಲಾವೇರಿಯಾ ಅಂತ ಒಬ್ಬನಿದ್ದ. ಅಲ್ಲಿನ ಜನಕ್ಕೆ ಖಾಯಂ ಅಡ್ಡಹೆಸರಿಲ್ಲ, ಯಾರು ಯಾರ ಮಗ ಅಂತ ಗೊತ್ತಾಗುವುದಿಲ್ಲ, ತೆರಿಗೆ ವಸೂಲಿಗೆ ಕಷ್ಟ ಅನ್ನುವುದು ಅವನ ತಲೆನೋವು. 1849ರಲ್ಲಿ ಅಡ್ಡಹೆಸರುಗಳ ಅಕಾರಾದಿ ಪಟ್ಟಿಯನ್ನೇ ಪುಸ್ತಕ ಮಾಡಿಸಿ ಊರೂರಿಗೆ ಹಂಚಿಸಿದ. ಇದರಲ್ಲಿ ಒಂದು ಆರಿಸಿಕೊಳ್ಳಿ ಅಂದ. ಕೆಲವು ಊರಿಗೆ ಪುಸ್ತಕದ ಕೆಲವೇ ಹಾಳೆ ಹೋಗಿ, ಊರಿಗೆ ಊರೇ ಒಂದೇ ಅಕ್ಷರದಿಂದ ಶುರುವಾಗುವ ಅಡ್ಡಹೆಸರು ಇಟ್ಟುಕೊಂಡಿತು. ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಅರೆ, ಇದು ಡ್ರಾಪ್‌ಡೌನ್ ಅಲ್ವಾ! ನಕ್ಷತ್ರವೂ ಇದೆ, ಆಯ್ಕೆಯ ಪಟ್ಟಿಯೂ ಇದೆ. ಕರೆಂಟ್ ಒಂದು ಇರಲಿಲ್ಲ ಅಷ್ಟೆ.

ಇಂಡೋನೇಷ್ಯಾದ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಜಾವಾ ಜನಕ್ಕೆ ಒಂದೇ ಪದದ ಹೆಸರು ಮಾಮೂಲು. ಸುಕರ್ನೊ, ಸುಹಾರ್ತೊ ಇಬ್ಬರೂ ಹಾಗೇ ಇದ್ದು ದೇಶ ಆಳಿದವರು. 2022ರಲ್ಲಿ ಅಲ್ಲಿನ ಸರ್ಕಾರ ಹೊಸ ನಿಯಮ ತಂತು: ಇನ್ನು ಮೇಲೆ ನೋಂದಾಯಿಸುವ ಹೆಸರಲ್ಲಿ ಕನಿಷ್ಠ ಎರಡು ಪದ ಇರಬೇಕು, 60 ಅಕ್ಷರ ದಾಟಬಾರದು. ಆ ಎರಡು ಸಾಲು ನನ್ನ 2009ರ ಕೋಡಿನ ಹಾಗೇ ಇವೆ. ಅದೇ ವರ್ಷ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಪ್ರವಾಸಿ ವೀಸಾ ಮೇಲೆ ಒಳಗೆ ಬಿಡುವುದಿಲ್ಲ ಅಂತು. ಆಮೇಲೆ, ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತದೆ ಅಂತ ಸಡಿಲ ಮಾಡಿದರು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರ ಫಸ್ಟ್ ನೇಮ್ ಜಾಗಕ್ಕೆ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಇರುವುದೊಂದೇ ಹೆಸರು, ಅದನ್ನು ಲಾಸ್ಟ್ ನೇಮ್‌ಗೆ ತಳ್ಳಿ, ಮೊದಲನೆಯದು ಗೊತ್ತಿಲ್ಲ ಅನ್ನುತ್ತಾರೆ. ಕೇಳಿದ್ದರೆ ಹೇಳುತ್ತಿದ್ದೆವಲ್ಲ.

ಇಬ್ಬರು ಬೆಂಗಳೂರಿನವರು

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆಧಾರ್ ಬಗ್ಗೆ ನನಗೆ ನೂರೆಂಟು ತಕರಾರಿದೆ, ಆದರೆ ಅದರ ಫಾರಂನಲ್ಲಿ ಹೆಸರಿಗೆ ಒಂದೇ ಖಾನೆ. ಪೂರ್ತಿ ಹೆಸರು ಏನಿದೆಯೋ ಬರೆಯಿರಿ ಅಷ್ಟೆ. ಹೀಗೆ ಮಾಡಿದವರು ಯಾರೋ ಗೊತ್ತಿದ್ದು ಮಾಡಿದ್ದಾರೆ, ಅವರಿಗೊಂದು ನಮಸ್ಕಾರ. ಪ್ಯಾನ್ ಅರ್ಜಿಯಲ್ಲಿ ಹಾಗಲ್ಲ. ಅಲ್ಲಿ ಲಾಸ್ಟ್ ನೇಮ್ ಕಡ್ಡಾಯ, ಇರುವುದು ಒಂದೇ ಹೆಸರಾದರೆ ಅದನ್ನೇ ಲಾಸ್ಟ್ ನೇಮ್‌ನಲ್ಲಿ ತುಂಬಬೇಕು, ಇನಿಷಿಯಲ್ ಹಾಕುವಂತಿಲ್ಲ. ಹೀಗೆ ಎರಡು ಬೇರೆ ಬೇರೆ ಅಚ್ಚಿನಲ್ಲಿ ಹೊಯ್ದ ಹೆಸರುಗಳನ್ನು ಆಮೇಲೆ ಜೋಡಿಸಿ ಅಂದರು. ದಿನಾಂಕ ಮುಂದೆ ಹೋಗಿ ಹೋಗಿ ಕೊನೆಗೆ 2023ರ ಜೂನ್ 30ಕ್ಕೆ ನಿಂತಿತು. ತಡ ಮಾಡಿದವರಿಗೆ 1000 ರೂಪಾಯಿ. ಆ ತಿಂಗಳು ಸೈಬರ್ ಸೆಂಟರ್‌ಗಳ ಮುಂದೆ ನಿಂತಿದ್ದವರನ್ನು ನೆನಪು ಮಾಡಿಕೊಳ್ಳಿ. ತೆರಿಗೆ ಕದಿಯುವವರ ಮುಖ ಅಲ್ಲಿ ಒಂದೂ ಇರಲಿಲ್ಲ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಬಿಡಿಸಿದ ಹೆಸರು ಇದ್ದವರೇ ಜಾಸ್ತಿ.

ಆಧಾರ್ ಕಥೆಯಲ್ಲಿ ನನಗೆ ಯಾವಾಗಲೂ ಸೋಜಿಗ ಅನ್ನಿಸುವುದು, ಅದರ ಎರಡು ತುದಿಯಲ್ಲೂ ಬೆಂಗಳೂರಿನವರೇ ಇದ್ದಾರೆ ಅನ್ನುವುದು. ಕಟ್ಟಿದ ಪ್ರಾಧಿಕಾರದ ಮೊದಲ ಅಧ್ಯಕ್ಷರು ನಂದನ್ ನಿಲೇಕಣಿ. ಪ್ರಶ್ನೆ ಮಾಡಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಅವರ ಅರ್ಜಿಯಿಂದ. 2018ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇನ್ನೊಂದು ತೀರ್ಪಿನಲ್ಲಿ ಆಧಾರ್ ಉಳಿಯಿತು, ಪ್ಯಾನ್ ಜೋಡಣೆಯೂ ಉಳಿಯಿತು, ಖಾಸಗಿ ಕಂಪನಿಗಳು ಕೇಳುವ ಹಾಗಿಲ್ಲ ಅಂತಾಯಿತು. ಮರುವರ್ಷವೇ ಕಾನೂನು ತಿದ್ದಿ, ನಾವಾಗಿ ಕೊಟ್ಟರೆ ತೆಗೆದುಕೊಳ್ಳಬಹುದು ಅಂತ ಬಾಗಿಲು ಮತ್ತೆ ತೆರೆದರು. ಭಾನುವಾರ ಆ ಬ್ಯಾಂಕ್ ಆ್ಯಪಿನಲ್ಲಿ "ನಾನಾಗಿಯೇ ಕೊಡುತ್ತಿದ್ದೇನೆ" ಅನ್ನುವ ಡಬ್ಬಿಗೆ ಟಿಕ್ ಹಾಕದೆ ಮುಂದೆ ಹೋಗಲು ನೋಡಿದೆ. ಹೋಗಲಿಲ್ಲ. ಇಡೀ ದೇಶದ ಕಾನೂನು ಕಾಲೇಜುಗಳಲ್ಲಿ ಮಕ್ಕಳು ಇವತ್ತು ಪುಟ್ಟಸ್ವಾಮಿ, ಪುಟ್ಟಸ್ವಾಮಿ ಅಂತ ಓದುತ್ತಾರೆ. ಅದೂ ಎರಡು ಇನಿಷಿಯಲ್, ಒಂದು ಪದದ ಹೆಸರು. ಸುಪ್ರೀಂ ಕೋರ್ಟ್ ಅದನ್ನು ಹಾಗೇ ತೆಗೆದುಕೊಂಡಿತು, ಲಾಸ್ಟ್ ನೇಮ್ ಕೇಳಲಿಲ್ಲ.

ಈ ಯೋಚನೆಗಳೆಲ್ಲ ನನಗೆ ಗಟ್ಟಿಯಾಗಿ ಬಂದದ್ದು 2024ರ ಜುಲೈನಲ್ಲಿ. ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲು ಇಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಮ್ಯಾನೇಜರ್ ಥರದ ಹುದ್ದೆಗಳಲ್ಲಿ ಶೇಕಡಾ 50, ಉಳಿದದ್ದರಲ್ಲಿ 70. ಎರಡೇ ದಿನಕ್ಕೆ ಗಲಾಟೆಯಾಗಿ ಅದನ್ನು ತಡೆಹಿಡಿದರು. ಆ ಎರಡು ದಿನ ಮಾತ್ರ ನಮ್ಮ ಕ್ಯಾಂಟೀನಿನಲ್ಲಿ ಯಾರೂ ಊಟ ಮಾಡಲಿಲ್ಲ ಅನ್ನಬಹುದು. ನಾನೂ ತಟ್ಟೆ ಎತ್ತಿಕೊಂಡು ಏಳಲಿಲ್ಲ, ಕೂತು ಜಗಳವಾಡಿದೆ. ಕಂಪನಿಗಳು ಹೋಗಿಬಿಡುತ್ತವೆ ಅಂದವರಿಗೆ, ಇಲ್ಲಿನ ನೀರು, ಜಾಗ ಬಳಸುವಾಗ ಇಲ್ಲದ ಸಂಕೋಚ ಈಗ್ಯಾಕೆ ಅಂದೆ. ಮಸೂದೆ ಅವಸರದ್ದು ಅನ್ನುವುದು ನನ್ನ ಅಭಿಪ್ರಾಯ, ಕೇಳಿದ ವಿಷಯ ಸುಳ್ಳಲ್ಲ ಅನ್ನುವುದೂ ನನ್ನ ಅಭಿಪ್ರಾಯ. ಎರಡೂ ಕಡೆಯವರು ನನ್ನ ಮೇಲೆ ಮುನಿಸಿಕೊಂಡರು. ಮನೆಗೆ ಬರುವಾಗ ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಕೂತು ಇನ್ನೊಂದು ಯೋಚನೆ ಬಂತು. ಕನ್ನಡದವರಿಗೆ ಕೆಲಸ ಕೊಡಿ ಅಂತ ಕೇಳುತ್ತೇವೆ, ಸರಿ. ಒಬ್ಬ ಕನ್ನಡದವನಿಗೆ, ಅಂದರೆ ನನಗೆ, 2006ರಲ್ಲೇ ಕೆಲಸ ಕೊಟ್ಟಿದ್ದರು. ಅವನು ಆ ಕುರ್ಚಿಯಲ್ಲಿ ಕೂತು ಏನು ಮಾಡಿದ? ತನ್ನ ಅಮ್ಮನ ಹೆಸರು ಹಿಡಿಸದ ಫಾರಂ ಬರೆದ. ಚುಕ್ಕೆಗೂ ಜಾಗ ಕೊಡಲಿಲ್ಲ.

ಉರುಫ್

ಅಪ್ಪ ಹೋದ ಮೇಲೆ ಅವನ ಹೆಸರಲ್ಲಿದ್ದ ಒಂದು ಸಣ್ಣ ಠೇವಣಿಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಿತ್ತು. ಮೂರು ದಾಖಲೆ ತನ್ನಿ ಅಂದರು, ಕೊಟ್ಟೆವು. ಮೂರರಲ್ಲೂ ಹೆಸರು ಬೇರೆ ಬೇರೆ ಅಂತ ವಾಪಸ್ ಕೊಟ್ಟರು. ನೋಡಿದರೆ ಒಂದರಲ್ಲಿ ಇಂಗ್ಲಿಷಿನ ಜಿ ಆದ ಮೇಲೆ ಓ, ಡಬ್ಲ್ಯೂ. ಇನ್ನೊಂದರಲ್ಲಿ ಓ, ಯು. ಮತ್ತೊಂದರಲ್ಲಿ ಎ, ಯು. ಮೂರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಅಂದರು.

ತಾಲೂಕಿನ ಕೋರ್ಟಿನ ಎದುರಿಗೆ ಹೊಂಗೆಮರದ ಕೆಳಗೆ ಟೈಪ್ ಮಾಡುವವರ ಸಾಲು. ಮುಂಚೆ ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪು, ಕಾರ್ ಬ್ಯಾಟರಿಯ ಗಾತ್ರದ ಯುಪಿಎಸ್ಸು, ಬಿಸಿಲಿಗೆ ಸ್ಕ್ರೀನ್ ಕಾಣಲಿ ಅಂತ ಅದರ ಮೇಲೊಂದು ರಟ್ಟಿನ ಡಬ್ಬಿ. ಅದರೊಳಗೆ ತಲೆ ಹಾಕಿ ಟೈಪ್ ಮಾಡುತ್ತಾರೆ, ಹಳೆಯ ಕಾಲದ ಫೋಟೋಗ್ರಾಫರ್ ಥರ. ಅಲ್ಲಿದ್ದ ಹಿರಿಯರೊಬ್ಬರ ಹತ್ತಿರ ಅಮ್ಮನನ್ನು ಕೂರಿಸಿದೆ. ಅವರು ಕನ್ನಡದಲ್ಲೇ ಮಾಡಿಕೊಡುತ್ತೇನೆ ಅಂದರು. ಬೆರಳು ಬಹಳ ಚುರುಕು, ಕೆ. ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆ ಕಣ್ಣು ಮುಚ್ಚಿ ಒತ್ತುವವರು. ಹೇಳಿಕೊಳ್ಳುತ್ತಾ ಟೈಪ್ ಮಾಡಿದರು: "ನಾನು ಗೌರಮ್ಮ, ಲೇಟ್ ಚಿಕ್ಕಣ್ಣನವರ ಪತ್ನಿ, ಪ್ರಮಾಣ ಮಾಡಿ ಹೇಳುವುದೇನೆಂದರೆ, ನನ್ನ ದಾಖಲೆಗಳಲ್ಲಿ ಗೌರಮ್ಮ ಉರುಫ್ ಗೌರಮ್ಮ..." ಅಲ್ಲಿಗೆ ಬೆರಳು ನಿಂತಿತು. ಡಬ್ಬಿಯಿಂದ ತಲೆ ಹೊರಗೆ ತೆಗೆದು ದಾಖಲೆ ನೋಡಿದರು. ಮತ್ತೆ ಒಳಗೆ ಹೋಗಿ, "ಉರುಫ್ ಗೌರಮ್ಮ" ಅಂತ ಮೂರನೆಯದನ್ನೂ ಸೇರಿಸಿದರು. ಪೂರ್ತಿ ಓದಿದರು. "ಗೌರಮ್ಮ ಉರುಫ್ ಗೌರಮ್ಮ ಉರುಫ್ ಗೌರಮ್ಮ ಎಂದು ನಮೂದಾಗಿದ್ದು, ಈ ಮೂರೂ ಹೆಸರುಗಳು ನನ್ನವೇ ಆಗಿರುತ್ತವೆ." ಅಮ್ಮನಿಗೆ ನಗು ಬಂತು. ಅವರಿಗೂ ಬಂತು. "ಏನ್ರೀ ಇದು, ಕನ್ನಡದಲ್ಲಿ ತಪ್ಪೇ ಇಲ್ಲವಲ್ಲ!" ಅಂದರು.

ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂರು ಕಾಗದದಲ್ಲೂ ಕನ್ನಡದಲ್ಲಿ ಇದ್ದ ಹೆಸರು ಒಂದೇ. ಗ, ಅದಕ್ಕೆ ಔತ್ವ, ರ, ಮ, ಮಕ್ಕೆ ಮ ಒತ್ತು. ಇಂಗ್ಲಿಷಿಗೆ ದಾಟುವಾಗ ಮಾತ್ರ ಒಬ್ಬಳು ಮೂವರಾಗಿದ್ದಳು, ಕಂಪ್ಯೂಟರು ಹೋಲಿಸಿದ್ದು ಆ ಮೂವರನ್ನು. ಕನ್ನಡದ ಸಾಲನ್ನು ಅಲಂಕಾರಕ್ಕೆ ಅಂತ ಅಚ್ಚು ಹಾಕಿರುತ್ತಾರೆ, ಲೆಕ್ಕಕ್ಕಲ್ಲ. ಕನ್ನಡದಲ್ಲೇ ಹೋಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನೇನೂ ಹೇಳುವುದಿಲ್ಲ. ಗವುರಮ್ಮ ಅಂತ ಬರೆಯುವವರೂ ಇದ್ದಾರೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಂತೂ ನನ್ನ ಹೆಸರಿನ 'ವೀ'ಯ ದೀರ್ಘವನ್ನು ಎರಡು ಥರ ಬರೆಯಬಹುದು, ದೀರ್ಘವನ್ನೇ ಒಂದು ಚಿಹ್ನೆಯಾಗಿ ಅಥವಾ ಗುಡಿಸು ಹಾಕಿ ಅದರ ಪಕ್ಕ ಬಾಲ ಸೇರಿಸಿ. ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಮುಂಚೆ ಎರಡನ್ನೂ ಒಂದು ರೂಪಕ್ಕೆ ತರದಿದ್ದರೆ ಕಂಪ್ಯೂಟರಿಗೆ ಇಬ್ಬರು ರವೀಶರು. ಇದನ್ನು ಸರಿಮಾಡಲು ಒಂದು ಸಾಲಿನ ಕೋಡ್ ಸಾಕು. ಆ ಸಾಲು ಬರೆಯಬೇಕು ಅಂತ ಯಾರಿಗಾದರೂ ಅನ್ನಿಸಬೇಕು, ಅಷ್ಟೆ.

ಕೊನೆಗೆ ಇಂಗ್ಲಿಷಿನಲ್ಲೇ ಅಫಿಡವಿಟ್ ಮಾಡಿಸಿದೆವು. ಅಮ್ಮನಿಗೆ ಓದಲು ಬಾರದ ಭಾಷೆಯಲ್ಲಿ ಅಮ್ಮ ಮೂವರಲ್ಲ ಅಂತ ಪ್ರಮಾಣ ಮಾಡಿ, ಕನ್ನಡದಲ್ಲಿ ಗೌರಮ್ಮ ಅಂತ ಸಹಿ ಹಾಕಿದಳು.

ಬಾಕಿ ಇರುವುದು

ನಾನು ಈಗಿರುವ ಕಂಪನಿಯಲ್ಲೂ ಒಂದು ಫಾರಂ ಇದೆ. ಸೋಮವಾರ ಬೆಳಗ್ಗೆ ಹೋದವನೇ ಒಂದು ಟಿಕೆಟ್, ಅಂದರೆ ಬದಲಾವಣೆಯ ಕೋರಿಕೆ, ಹಾಕಿದೆ: ಲಾಸ್ಟ್ ನೇಮ್‌ನ ನಕ್ಷತ್ರ ತೆಗೆಯಬೇಕು, ಸಾಧ್ಯವಾದರೆ ಎರಡೂ ಖಾನೆ ಸೇರಿಸಿ ಒಂದು ಮಾಡಬೇಕು. ಮಧ್ಯಾಹ್ನ ಉತ್ತರ ಬಂತು. ರಿಪೋರ್ಟುಗಳು ಲಾಸ್ಟ್ ನೇಮ್ ಪ್ರಕಾರ ಜೋಡಣೆ ಆಗುತ್ತವೆ, ಹನ್ನೊಂದು ಕಡೆ ಕೋಡ್ ಮುರಿಯುತ್ತದೆ, ಎಷ್ಟು ಗ್ರಾಹಕರಿಗೆ ತೊಂದರೆಯಾಗಿದೆ ಅಂತ ಅಂಕಿ ಅಂಶ ಕೊಡಿ. ಇದು ಒಳ್ಳೆಯ ಪ್ರಶ್ನೆ. ತೊಂದರೆಯಾದವರು ಫಾರಂ ದಾಟಿರುವುದಿಲ್ಲ, ದಾಟದವರ ಲೆಕ್ಕ ನಮ್ಮ ಹತ್ತಿರ ಇರುವುದಿಲ್ಲ. ದಾಟಿದವರು ಚಿಕ್ಕಣ್ಣ ಅಂತಲೋ ಊರು ಅಂತಲೋ ಏನೋ ಒಂದು ತುಂಬಿ ದಾಟಿರುತ್ತಾರೆ, ಲೆಕ್ಕದಲ್ಲಿ ಅವರಿಗೆ ಯಾವ ತೊಂದರೆಯೂ ಆಗಿಲ್ಲ. ಟಿಕೆಟ್ ಇನ್ನೂ ಬಾಕಿ ಕೆಲಸಗಳ ಪಟ್ಟಿಯಲ್ಲಿ, ಅಂದರೆ ಬ್ಯಾಕ್‌ಲಾಗ್‌ನಲ್ಲಿದೆ. ಚುಕ್ಕೆ ಹಾಕಲು ಬಿಡಿ ಅಂತ ಒಂದು ಚಿಕ್ಕ ಬದಲಾವಣೆ ಮಾತ್ರ ಈ ತಿಂಗಳು ಹೋಗಬಹುದು.

ಅಮ್ಮನ ಖಾತೆ ಆಯಿತು. ಫಸ್ಟ್ ನೇಮ್ ಗೌರಮ್ಮ, ಲಾಸ್ಟ್ ನೇಮ್ ಗೌರಮ್ಮ ಅಂತ ತುಂಬಿದೆ, ಆಧಾರ್ ಜತೆ ಅದು ಹೇಗೋ ಹೊಂದಿಬಿಟ್ಟಿತು. ರಾತ್ರಿ ಊಟಕ್ಕೆ ಕೂತಿದ್ದಾಗ ಅಮ್ಮನ ಫೋನಿಗೆ ಮೆಸೇಜ್ ಬಂತು. "ಡಿಯರ್ ಗೌರಮ್ಮ ಗೌರಮ್ಮ" ಅಂತ ಶುರುವಾಗಿತ್ತು. ಓದಿ ಹೇಳಿದೆ. ಅಮ್ಮ ಹಿಚುಕಿದ ಅವರೆಬೇಳೆ ಸಾರನ್ನು ಮುದ್ದೆಯ ಮೇಲೆ ಬಿಡುತ್ತಾ, "ಕತ್ತಲಾದ ಮೇಲೆ ಮೂರು ಸಲ ಕೂಗೋ ತನಕ ಓ ಅನ್ನಬಾರದು" ಅಂದಳು. "ಇನ್ನೊಂದು ಸಲ ಕೂಗಲಿ, ನೋಡಣ."